ಹಿಮಪಾತದ ಪಾತ್ರಧಾರಿ

ಸಮತಟ್ಟಾದ ಸಿಮೆಂಟು ನೆಲವನ್ನೂ ನಂಬದೆ ನಡೆಯುವವರನ್ನು ನಾನು ಕಂಡದ್ದು ಒಬ್ಬರನ್ನೇ. ಮೊದಲು ಹಿಮ್ಮಡಿ, ಆಮೇಲೆ ಒಂದು ಕ್ಷಣದ ಅನುಮಾನ, ಅದರ ನಂತರವೇ ಮೈಭಾರ. ಹೀಗೆ ಹೆಜ್ಜೆಹೆಜ್ಜೆಯನ್ನೂ ಪರೀಕ್ಷೆಗೊಡ್ಡುತ್ತ ಅವರು ವಾಚನಾಲಯದ ಹಿಂಬದಿಯ ಕೋಣೆಗೆ ಬಂದು ಸೇರುವಷ್ಟರಲ್ಲಿ ನಮ್ಮ ಚಹಾ ಆರಿರುತ್ತಿತ್ತು. ಮೂವತ್ತೊಂದು ವರ್ಷ ಘಾಟಿ ರಸ್ತೆಯಲ್ಲಿ ಹಿಮ ತೆಗೆಯುವ ಗಾಡಿ ಓಡಿಸಿ ನಿವೃತ್ತರಾದವರು. ಬೇಸಿಗೆಯಲ್ಲೂ ತಲೆಯಿಂದಿಳಿಯದ, ಕಿವಿ ಮುಚ್ಚುವ ಉಣ್ಣೆ ಟೋಪಿ. ಬಲಗೈಯ ಎರಡು ಬೆರಳುಗಳ ತುದಿಗಳು ಹಿಮಕ್ಕೆ ಸಂದುಹೋಗಿದ್ದವು, ಹೇಗೆಂದು ಕೇಳಿದವರಿಗೆ, "ಕೈಗವಸು ತೆಗೆದು ಚಕ್ರಕ್ಕೆ ಸರಪಳಿ ಕಟ್ಟಿದೆ. ಇಪ್ಪತ್ತು ನಿಮಿಷ," ಎಂದಷ್ಟೇ ಉತ್ತರ. ಮಾತು ಬಹಳ ಕಮ್ಮಿ, ಇದ್ದ ಮಾತಿನಲ್ಲೂ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಎಷ್ಟು ನಿಮಿಷ?" ಹಾಗಾಗಿ ಅವರು ನಮಗೆಲ್ಲ ನಿಮಿಷದಜ್ಜ.

ನಮ್ಮದೊಂದು ಕಥೆಯಾಟದ ಕೂಟ. ಭಾನುವಾರ ಮಧ್ಯಾಹ್ನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬರೆದಿಟ್ಟ ಸಂಭಾಷಣೆಯಿಲ್ಲದೆ, ಕೊನೆ ಏನೆಂದು ಯಾರಿಗೂ ಗೊತ್ತಿಲ್ಲದೆ, ಒಂದೇ ಕಥೆಯನ್ನು ಬಾಯಿಂದ ಬಾಯಿಗೆ ಬೆಳೆಸುವುದು. ಅದನ್ನೆಲ್ಲ ಬರೆದಿಡುವ ಹೊಣೆ, ಅಚ್ಚುಕೂಟದಲ್ಲಿ ಕರಡು ತಿದ್ದುವ ನನ್ನದು. ಆ ವರ್ಷ ಆರಿಸಿಕೊಂಡದ್ದು ಭೀಕರ ಹಿಮಪಾತಕ್ಕೆ ಸಿಕ್ಕಿ ದಾರಿಗಳೆಲ್ಲ ಮುಚ್ಚಿಹೋದ ಒಂದು ಊರಿನ ಕಥೆ. ಔಷಧಿ ಅಂಗಡಿಯವರು ನಾಯಕನಾದರು. ಅವರು ಯಾವಾಗಲೂ ನಾಯಕನೇ. ಮಾತಿಗಿಂತ ಮೌನವೇ ಹೆಚ್ಚಿದ್ದ ಟೈಲರಕ್ಕ ವಸತಿಗೃಹದ ಅಡುಗೆಯವಳಾದರು. "ನಿಮಗೆ ಯಾವ ಪಾತ್ರ ಅಜ್ಜ?" ಎಂದು ಕೇಳಿದೆ.

"ಹಿಮ," ಎಂದರು.

ನಾವು ನಕ್ಕೆವು. ಆದರೆ ಎರಡನೆಯ ವಾರಕ್ಕೇ ಆ ನಗು ಇಂಗಿಹೋಯಿತು. ನಾಯಕ ಬೆಟ್ಟದ ತುದಿಯಲ್ಲಿ ನಿಂತು ಸಿಂಹನಾದ ಮಾಡಿ, ಕೆಳಗಿದ್ದ ಕಳ್ಳರ ಮೇಲೆ ಹಿಮದ ರಾಶಿ ಕುಸಿಯುವಂತೆ ಮಾಡಿದಾಗ ಅಜ್ಜ ತಲೆಯಾಡಿಸಿಬಿಟ್ಟರು. "ಕೂಗಿದ್ರೆ ಬೀಳಲ್ಲ. ಇಳಿಜಾರಿನ ಮೇಲೆ ಭಾರ ಬಿದ್ರೆ ಬೀಳುತ್ತೆ."

"ಹಾಗಾದ್ರೆ ಕಳ್ಳರ ಗತಿ?"

"ದಪ್ಪ ಇದಾರಾ? ಇದ್ರೆ ನೋಡೋಣ."

ನನ್ನ ಗತಿಯೂ ಬೇರೆಯಾಗಲಿಲ್ಲ. ಕಥೆಯಲ್ಲಿ ನಾನು ಹೊಸ ಮದುಮಗ. ಹಿಮದಲ್ಲಿ ಹೂತ ಕಾರಿನೊಳಗೆ, ಇಂಜಿನ್ ಚಾಲೂ ಇಟ್ಟು, ಪತ್ನಿಯ ಕೈ ಹಿಡಿದು, ಒಂದೂವರೆ ಪುಟದಷ್ಟು ಪ್ರಣಯಸಲ್ಲಾಪವನ್ನು ಧಾರಾಳವಾಗಿ ಹರಿಯಬಿಟ್ಟಿದ್ದೆ. ಅಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡ ಅಜ್ಜ, "ಹೊಗೆ ಕೊಳವೆ ಸುತ್ತ ಹಿಮ ತೆಗೆದಿದ್ರಾ?" ಎಂದರು. ತೆಗೆದಿರಲಿಲ್ಲ. "ಹಾಗಾದ್ರೆ ಹೊಗೆ ಒಳಗೇ ಬಂತು. ನಿದ್ದೆ ಬಂದ ಹಾಗಾಯ್ತು. ಇಬ್ಬರೂ ಹೋದ್ರು." ಎರಡು ವಾರ ನಾನು ಮುಖ ಊದಿಸಿಕೊಂಡಿದ್ದೆ. ಮೂರನೆಯ ವಾರ ಅವರು ಮೆಟ್ಟಿಲ ಬಳಿ ನನ್ನನ್ನು ತಡೆದು, ತಗ್ಗಿದ ದನಿಯಲ್ಲಿ ಕೇಳಿದರು: "ನಿಮ್ಮ ಮನೇಲಿ ನಿಜವಾಗ್ಲೂ ಕಾರಿದೆಯಾ? ಸಲಿಕೆ ಸೀಟಿನ ಹತ್ತಿರ ಇಟ್ಕೊಳ್ಳಿ. ಡಿಕ್ಕೀಲಿ ಬೇಡ. ಹಿಮ ಮುಚ್ಚಿದ್ರೆ ಡಿಕ್ಕಿ ತೆಗೆಯೋಕೇ ಆಗಲ್ಲ."

ಔಷಧಿ ಅಂಗಡಿಯವರಿಗೆ ಮಾತ್ರ ತಡೆಯಲಾಗಲಿಲ್ಲ. "ಇದು ಆಟ ಅಜ್ಜ, ಪೋಸ್ಟ್‌ಮಾರ್ಟಂ ಅಲ್ಲ. ವಾರವೆಲ್ಲ ಕಾಯಿಲೆಯೋರ ಮುಖ ನೋಡಿ ಸಾಕಾಗಿ ಇಲ್ಲಿಗೆ ಬರ್ತೀವಿ. ಇಲ್ಲೂ ನೀವು ಒಬ್ಬೊಬ್ಬರನ್ನೇ ಸಾಯಿಸ್ತೀರಲ್ಲ!" ಅವರ ಮಾತಿನಲ್ಲೂ ಹುರುಳಿತ್ತು. ಹಿಮದ ಪಾತ್ರವನ್ನು ಬೇರೊಬ್ಬರಿಗೆ ಕೊಡಬೇಕೇ ಎಂಬುದನ್ನು ಮುಂದಿನ ಭಾನುವಾರ, ಆಟ ಮುಗಿದ ಮೇಲೆ ಕೈ ಎತ್ತಿ ತೀರ್ಮಾನಿಸುವುದೆಂದಾಯಿತು. ಅಜ್ಜ "ಆಗಲಿ" ಎಂದರು. ಆ ಕೂಟದ ಹೊರತು ಅವರನ್ನು ಮಾತಾಡಿಸುವವರು ಊರಲ್ಲಿ ಯಾರೂ ಇರಲಿಲ್ಲವೆಂಬುದು ನಮಗೆ ಗೊತ್ತಿತ್ತು; ಗೊತ್ತಿದ್ದೂ ಸುಮ್ಮನಿದ್ದೆವು.

ಆ ಭಾನುವಾರ ಕಥೆಯಲ್ಲಿ ನಾಯಕ ರೋಗಿಯೊಬ್ಬನಿಗೆ ಔಷಧಿ ತರಲು ಒಂಟಿಯಾಗಿ ಹೊರಟು ದಾರಿ ತಪ್ಪಿದ್ದ. ಒದ್ದೆ ಬಟ್ಟೆ, ಎದುರುಗಾಳಿ, ಕಳೆದದ್ದು ಮೂರು ಗಂಟೆ.

"ಈಗ ನಡುಕ ನಿಂತಿದೆ," ಎಂದರು ಅಜ್ಜ.

"ನಿಂತ್ರೆ ಒಳ್ಳೇದೇ ಅಲ್ವಾ?"

"ಅಲ್ಲ. ಮೈ ಸೋತಿದೆ. ಈಗ ಇದ್ದಕ್ಕಿದ್ದ ಹಾಗೆ ನಿಮಗೆ ಸೆಖೆ ಆಗ್ತಿದೆ. ಒಳಗೆಲ್ಲ ಉರಿ. ಕೋಟು ಬಿಚ್ಚಿ ಎಸೀತೀರಿ. ಆಮೇಲೆ ಸ್ವೆಟರು."

ಔಷಧಿ ಅಂಗಡಿಯವರು ಮೇಜು ಗುದ್ದಿದರು. "ಹಿಮದ ಮಧ್ಯೆ ಕೋಟು ಬಿಚ್ಚೋಕೆ ನನ್ನ ನಾಯಕನಿಗೇನು ಹುಚ್ಚಾ? ಕುಡಿದಿದಾನಾ? ಯಾರು ನಂಬ್ತಾರೆ ಇದನ್ನ?"

"ನಂಬೋದು ಬಿಡೋದು ನಿಮ್ಮಿಷ್ಟ. ಆಗೋದು ಹಾಗೇನೇ."

ಆಟದ ನಡುವೆಯೂ ಯಾವುದೋ ಬಟ್ಟೆಯ ಅಂಚು ಹೊಲಿಯುತ್ತ ಕೂರುವುದು ಟೈಲರಕ್ಕನ ರೂಢಿ. ಅವರ ಸೂಜಿ ನಿಂತಿತ್ತು. "ಇನ್ನೊಂದ್ಸಲ ಹೇಳಿ," ಎಂದರು. ಅಜ್ಜ ಇನ್ನೊಂದು ಸಲ ಹೇಳಿದರು. ಟೈಲರಕ್ಕ ಬಟ್ಟೆಯನ್ನು ಮಡಿಲಲ್ಲಿ ಮುದ್ದೆ ಮಾಡಿಕೊಂಡು, ನಾಲ್ಕು ವರ್ಷದ ಒಡನಾಟದಲ್ಲಿ ನಮಗಾರಿಗೂ ಹೇಳದಿದ್ದುದನ್ನು ಹೇಳಿದರು.

ಹನ್ನೊಂದು ವರ್ಷದ ಹಿಂದೆ ಅವರ ಅಣ್ಣ, ವಿದ್ಯುತ್ ತಂತಿ ರಿಪೇರಿ ಮಾಡುವ ಕೆಲಸದವರು, ಬಿರುಗಾಳಿಯ ದಿನ ಘಾಟಿಯಲ್ಲಿ ಕಾಣೆಯಾಗಿದ್ದರು. ಮಾರನೆಯ ದಿನ ಸಿಕ್ಕಿದಾಗ ಮೈಮೇಲೆ ಬರೀ ಒಂದು ಬನಿಯನ್. ಕೋಟು ನಲವತ್ತು ಹೆಜ್ಜೆ ಹಿಂದೆ, ಸ್ವೆಟರು ಅದಕ್ಕೂ ಈಚೆಗೆ. ಕುಡಿದಿದ್ದ ಎಂದರು ಕೆಲವರು. ಸಾಯಲೆಂದೇ ಹೋಗಿದ್ದ ಎಂದರು ಇನ್ನು ಕೆಲವರು, ಮತ್ತು ಅದಕ್ಕೆ ತಕ್ಕ ಕಾರಣಗಳನ್ನೂ ಹುಡುಕಿಕೊಟ್ಟರು. ಅಂದಿನಿಂದ ಅವರ ತಾಯಿ ಮಗನ ಹೆಸರೆತ್ತಿದ್ದಿಲ್ಲ.

"ಕುಡೀದೇ ಇದ್ರೂ ಹೀಗಾಗುತ್ತಾ ಅಜ್ಜ?"

"ಕುಡೀದೇ ಇದ್ರೂ ಆಗುತ್ತೆ. ನನ್ನ ಗಾಡಿ ಮುಂದೆ ಮೂವರು ಸಿಕ್ಕಿದಾರೆ ತಾಯಿ. ಇಬ್ಬರ ಕೋಟು ಬೇರೆ ಕಡೆ ಬಿದ್ದಿತ್ತು. ಅದ್ರಲ್ಲಿ ಒಬ್ಬರು ಜನ್ಮದಲ್ಲಿ ಕುಡೀದ ಮೇಷ್ಟ್ರು. ಮನೆಗೆ ಹೊರಟಿದ್ರು." ಮತ್ತೆ ಸೇರಿಸಿದರು: "ನಿಮ್ಮಣ್ಣನ ಮನಸ್ಸಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಕೋಟು ಬಿಚ್ಚಿದ್ದು ಮಾತ್ರ ಯಾವುದಕ್ಕೂ ಸಾಕ್ಷಿ ಅಲ್ಲ. ಅದು ಚಳಿಯ ಕೆಲಸ."

ಅಂದು ಯಾರೂ ಕೈ ಎತ್ತಲಿಲ್ಲ. ಔಷಧಿ ಅಂಗಡಿಯವರು ಎದ್ದು, ತಾವೇ ಚಹಾ ಬಗ್ಗಿಸಿ ಅಜ್ಜನ ಮುಂದಿಟ್ಟರು. ಅವರ ನಾಯಕನನ್ನು ಅಜ್ಜ ಉಳಿಸಲಿಲ್ಲ. ಉಳಿಸಿ ಎಂದು ಅವರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಟೈಲರಕ್ಕನ ಮನೆಗೆ ಅಜ್ಜ ಹೊರಟರು, ಜೊತೆಗೆ ನಾನೂ. "ಮನೆಗಳಲ್ಲಿ ಹೇಗೆ ಮಾತಾಡಬೇಕೋ ನನಗೆ ಬರಲ್ಲ" ಎಂಬುದು ಅವರ ಅಳುಕು. ಹೊಲಿಗೆ ಯಂತ್ರದ ಹಿಂದಿನ ಮಂಚದಲ್ಲಿ ಎಂಬತ್ತು ದಾಟಿದ ತಾಯಿ ಗೋಡೆಗೊರಗಿ ಕೂತಿದ್ದರು. ಅಜ್ಜ ಟೋಪಿ ತೆಗೆದರು. ಅವರ ಬೋಳುತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಮೇಜಿನ ಮುಂದೆ ಹೇಳಿದ್ದನ್ನೇ, ಒಂದು ಮಾತು ಹೆಚ್ಚಿಲ್ಲದೆ, ಒಂದು ಮಾತು ಕಡಿಮೆಯಿಲ್ಲದೆ ಹೇಳಿದರು.

ಆ ತಾಯಿ ಕೇಳಿದ್ದು ಒಂದೇ: "ನೋವಾಗಿರುತ್ತಾ?"

ಇಲ್ಲವೆಂದು ಹೇಳಿಬಿಡಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಮೊದಲು ಆಗುತ್ತೆ ಅಮ್ಮಾ. ತುಂಬಾ ಆಗುತ್ತೆ. ಕೊನೇಲಿ ಆಗಲ್ಲ. ಕೊನೇಲಿ ಬೆಚ್ಚಗಿರುತ್ತೆ."

ಆಕೆ ಕಣ್ಣು ಮುಚ್ಚಿದರು. "ಚಿಕ್ಕೋನಾಗಿದ್ದಾಗ್ಲೂ ಹಾಗೇ. ಸೆಖೆ ಅಂದ್ರೆ ಆಗ್ತಿರ್ಲಿಲ್ಲ ಅವನಿಗೆ. ಎಷ್ಟು ಸಲ ಹೊದಿಸಿದ್ರೂ ಕಾಲಲ್ಲಿ ಒದ್ದುಬಿಡ್ತಿದ್ದ." ಹೇಳುತ್ತ ಹೇಳುತ್ತಲೇ ಅಳತೊಡಗಿದರು, ಟೈಲರಕ್ಕ ಮಂಚವೇರಿ ತಾಯಿಯ ಭುಜ ಬಳಸಿ ಕೂತರು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮನೆಯಲ್ಲಿ ಅವನ ಹೆಸರು, ಅವನ ತಂಟೆ, ಅವನ ಶಾಲೆಯ ಪೆಟ್ಟುಗಳೆಲ್ಲ ಒಂದರ ಹಿಂದೊಂದು ಹೊರಬಂದವು. ಅಜ್ಜ ಮಧ್ಯಾಹ್ನದವರೆಗೂ ಕೂತು ಕೇಳಿದರು. ಎಷ್ಟು ನಿಮಿಷ ಎಂದು ಒಮ್ಮೆಯೂ ಕೇಳಲಿಲ್ಲ.

ಹುಡುಕಿದರೆ ಇಂಥವರು ಎಲ್ಲ ಕೂಟಗಳಲ್ಲೂ ಸಿಗುತ್ತಾರೆ. ಕಲ್ಪನೆಯ ಓಟಕ್ಕೆ ಅಡ್ಡ ನಿಂತು, ಅಷ್ಟಲ್ಲ ಇಷ್ಟು ಎಂದು ತಿದ್ದುವವರು. ನೀರಸರೆಂದು ನಾವು ಬೆನ್ನ ಹಿಂದೆ ಆಡಿಕೊಳ್ಳುವವರು. ದೂರದಿಂದ ಕಂಡವರ ಪಾಲಿಗೆ ವಿಪತ್ತು ಭವ್ಯವಾದ ದೃಶ್ಯ. ಅದರ ಬುಡದಲ್ಲಿ ಬಗ್ಗಿ ಸಲಿಕೆ ಹಿಡಿದವರಿಗೆ ಮಾತ್ರ, ಅದರೊಳಗೆ ಸಿಕ್ಕವರು ಕಟ್ಟಕಡೆಗೆ ಏನು ಮಾಡುತ್ತಾರೆಂಬುದು ಗೊತ್ತು. ಸತ್ತವರ ವಿಷಯದಲ್ಲಿ ಸಡಿಲವಾಗಿ ಆಡಿದ ಒಂದು ಮಾತು ಉಳಿದವರ ಮನೆಯಲ್ಲಿ ಎಷ್ಟು ವರ್ಷ ಠಿಕಾಣಿ ಹೂಡುತ್ತದೆಂಬುದನ್ನೂ ಅವರು ಬಲ್ಲರು. ಆದ್ದರಿಂದಲೇ ಕಟ್ಟುಕಥೆಯಲ್ಲಿಯೂ ಸುಳ್ಳು ಸಾವೊಂದನ್ನು ಅವರು ಒಪ್ಪುವುದಿಲ್ಲ. ಅವರ ಕರುಣೆ ನೆಲೆಸಿರುವುದು ಆ ಹಟದಲ್ಲಿಯೇ. ನಮಗದು ಕಾಣುವುದು, ನಮ್ಮ ಮನೆಯ ಬಾಗಿಲನ್ನೂ ಒಂದು ದಿನ ವಿಪತ್ತು ತಟ್ಟಿದ ಮೇಲೆ.