ವಿಶ್ವನಾಥಪ್ಪನವರ ನಿಷ್ಪಕ್ಷಪಾತ

ಸದಾನಂದ ಶೆಟ್ಟರು ಹೆಣದ ಕುತ್ತಿಗೆಗೆ ಕಪ್ಪು ಬೋ ಟೈ ಕಟ್ಟಲು ಮೂರನೇ ಸಲ ಹೆಣಗುತ್ತಿದ್ದರು. ಗೋಡೆಗೆ ಒರಗಿಸಿ ಕೂರಿಸಿದ್ದ ವಿಶ್ವನಾಥಪ್ಪನವರ ಗದ್ದ ಪ್ರತಿ ಸಲವೂ ಅಡ್ಡ ಬರುತ್ತಿತ್ತು. ಬದುಕಿದ್ದಾಗ ಈ ಮನುಷ್ಯ ಬಾಕ್ಸಿಂಗ್ ಸಂಘದವರ ಯಾವ ಮಾತಿಗೂ ಅಡ್ಡ ಬಂದದ್ದಿಲ್ಲ.

"ಸ್ವಲ್ಪ ತಲೆ ಎತ್ತಿ ಹಿಡೀರಿ ಮಾರಾಯ್ರೆ," ಎಂದರು ಶೆಟ್ಟರು. ನಾಸಿಕ್‌ನಲ್ಲಿ ಎರಡು ಹೋಟೆಲು ನಡೆಸುವ ಅವರು ಆ ಸಂಘದ ಕಾರ್ಯದರ್ಶಿ. ಜನ್ಮದಲ್ಲಿ ಒಂದು ಗುದ್ದು ಕೊಟ್ಟವರಲ್ಲ, ತಿಂದವರಲ್ಲ. "ಇಪ್ಪತ್ತಾರು ವರ್ಷ ರೆಫ್ರಿ, ಜಡ್ಜ್ ಆಗಿದ್ದವರು. ಬೋ ಇಲ್ಲದೆ ಕಳಿಸಿದ್ರೆ ನಮಗೇ ಅವಮಾನ ಅಲ್ವಾ?"

"ಕೊರಳಾಗ ಲಿಂಗ ಅದ, ರುದ್ರಾಕ್ಷಿ ಅದ," ಎಂದಳು ವಿಶ್ವನಾಥಪ್ಪನವರ ಹೆಂಡತಿ ಸಂಗಮ್ಮ. ಅವಳು ಇನ್ನೂ ಅತ್ತಿರಲಿಲ್ಲ. "ಅದರ ಮ್ಯಾಲ ಇದೊಂದು ಯಾಕ್ರಿ? ಶಿವನ ಮುಂದ ಕುಸ್ತಿ ಹಚ್ಚಾಕ ಹೊಂಟಾರೇನು?"

ಶೆಟ್ಟರು ಕೇಳಿಸದವರ ಹಾಗೆ ಬೋ ಬಿಗಿದರು. ಅದು ಒಂದು ಕಡೆಗೆ ವಾಲಿತು.

ಬಾಗಿಲಲ್ಲಿ ಓಂಕಾರ ಬಂದು ನಿಂತ. ಅದೇ ಓಣಿಯವನು, ಇಪ್ಪತ್ತೆಂಟು ವರ್ಷ, ಅಂಬಡದ ಕಾರ್ಖಾನೆಯೊಂದರ ಗೇಟು ಕಾಯುತ್ತಾನೆ. ಅವನ ಪ್ಯಾಂಟು ಮೊಣಕಾಲಿನವರೆಗೆ ಮಣ್ಣಾಗಿತ್ತು.

"ಕಾಕಿ, ಕುಣಿ ತಯಾರ್ ಆಗ್ಯದ. ಹೊಂಡೋಣೇನ್ರಿ?"

ಸಂಗಮ್ಮ ಅವನ ಮುಖ ನೋಡಲಾರದೆ ಮಣ್ಣು ಮೆತ್ತಿದ ಕಾಲು ನೋಡಿದಳು.

*

ಭಾಲ್ಕಿಯಿಂದ ನಾಸಿಕ್‌ಗೆ ಬಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುತ್ತಿದ್ದ ವಿಶ್ವನಾಥಪ್ಪ, ಭಾನುವಾರ ಬಿಳಿ ಅಂಗಿ ಬಿಳಿ ಪ್ಯಾಂಟು ತೊಟ್ಟರೆಂದರೆ ನಡಿಗೆಯೇ ಬೇರೆಯಾಗುತ್ತಿತ್ತು. ಗೆದ್ದ ಹುಡುಗನ ಕೈ ಎತ್ತುವಾಗ ಗುದ್ದಾಡಿದ್ದು ತಾನೇ ಎನ್ನುವಂಥ ಮುಖ. ಆದರೆ ಅವರಿಗಿದ್ದ ನಿಜವಾದ ಚಟ ಬಾಕ್ಸಿಂಗ್ ಅಲ್ಲ; ಎಲ್ಲರ ಬಾಯಲ್ಲೂ ಒಳ್ಳೆಯವನು ಎನಿಸಿಕೊಳ್ಳುವುದು.

ಎಂಟು ವರ್ಷದ ಹಿಂದೆ, ಇಂದಿನ ಸಂಭಾಜಿನಗರ ಇನ್ನೂ ಔರಂಗಾಬಾದ್ ಆಗಿದ್ದಾಗ, ಅಲ್ಲಿ ರಾಜ್ಯ ತಂಡದ ಆಯ್ಕೆ ನಡೆಯಿತು. ತಂಡಕ್ಕೆ ಸೇರಿದವನಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಗುವ ಭರವಸೆ. ಓಂಕಾರ ಕೆಂಪು ಮೂಲೆಯಲ್ಲಿದ್ದ. ಅವನ ಕೈಗೆ ಮೊದಲ ಸಲ ಪಟ್ಟಿ ಸುತ್ತಿ ಕಲಿಸಿದವರು ವಿಶ್ವನಾಥಪ್ಪನವರೇ. ಅಂದು ಅವರು ಐದು ಜನ ಜಡ್ಜುಗಳಲ್ಲಿ ಒಬ್ಬರು. ನಮ್ಮ ಓಣಿಯ ಹುಡುಗ, ನಾನು ಕೂರುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಕುರ್ಚಿ ಬಿಟ್ಟರೆ ಮುಂದಿನ ಸಲ ಕರೆಯದಿದ್ದರೆ?

ಚಹಾದ ಹೊತ್ತಿಗೆ ಶೆಟ್ಟರು ನಗುತ್ತ ಅಂದಿದ್ದರು: "ಇವತ್ತು ನಿಮ್ಮ ಹುಡುಗ ಗೆದ್ದ ಹಾಗೇ ಅಲ್ವಾ ಮಾರಾಯ್ರೆ? ಕನ್ನಡದವರಿಗೆ ಕನ್ನಡದವರು!"

ಸುತ್ತಲಿದ್ದವರು ನಕ್ಕರು. ವಿಶ್ವನಾಥಪ್ಪ ಅರ್ಧ ಚಹಾ ಬಿಟ್ಟು ಎದ್ದರು.

ಮೂರು ಸುತ್ತೂ ಓಂಕಾರ ಹೊಡೆದ. ವಿಶ್ವನಾಥಪ್ಪ ನೀಲಿ ಮೂಲೆಯವನಿಗೆ ಅಂಕ ಕೊಟ್ಟರು. ರೆಫ್ರಿ ಇಬ್ಬರ ಮಣಿಕಟ್ಟು ಹಿಡಿದು ನಡುವೆ ನಿಂತ. ಮೂವರು ಜಡ್ಜುಗಳು ನೀಲಿಗೆ, ಇಬ್ಬರು ಕೆಂಪಿಗೆ ಎಂದು ಮೈಕು ಹೇಳಿತು. ನೀಲಿಯವನ ಕೈ ಮೇಲೆ ಹೋಯಿತು. ಓಂಕಾರ ಕೆಳಗೇ ಉಳಿದ ತನ್ನ ಕೈ ನೋಡುತ್ತ ನಿಂತ.

ವಾಪಸು ಬರುವ ಬಸ್ಸಿನಲ್ಲಿ ಅವರು ಅವನ ಬೆನ್ನು ಸವರಿದರು. "ಅಂವ ಸ್ವಚ್ಛ ಹೊಡದ, ಬೇಟಾ. ನೀ ಸೋತಿ. ನಾ ಆದ್ರೂ ಏನ್ ಮಾಡ್ಲಿ?"

ಓಂಕಾರ ನಂಬಿದ. ಆಮೇಲೆ ಗ್ಲೌಸ್ ಮುಟ್ಟಲಿಲ್ಲ. ಸಂಘದಲ್ಲಿ ಮಾತ್ರ ವಿಶ್ವನಾಥಪ್ಪನವರ ನಿಷ್ಪಕ್ಷಪಾತದ ಹೆಸರು ಏರಿತು. ಆ ವರ್ಷವೇ ಶಾಲು ಹೊದಿಸಿದರು. ಶಾಲು ಹೊದ್ದುಕೊಂಡೇ ಮನೆಗೆ ಬಂದರು.

*

ರುದ್ರಭೂಮಿಯಲ್ಲಿ ಓಂಕಾರನೇ ಕುಣಿಗೆ ಇಳಿದು ಹೆಣವನ್ನು ಅದರ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ನೆಟ್ಟಗೆ ಕೂರಿಸಿದ. ಸ್ವಾಮಿಗಳು ಎಡ ಅಂಗೈಯಲ್ಲಿ ಲಿಂಗ ಇರಿಸಿದರು. ಅಷ್ಟರಲ್ಲಿ ಶೆಟ್ಟರು ಗಂಟಲು ಸರಿಮಾಡಿಕೊಂಡು ಭಾಷಣಕ್ಕೆ ನಿಂತರು.

"ಸ್ವಂತ ಓಣಿಯ ಹುಡುಗ ಅಂತ ನೋಡ್ಲಿಲ್ಲ ಇವರು. ಅಂಥ ಪ್ರಾಮಾಣಿಕ ಜಡ್ಜು ಇನ್ನು ಹುಟ್ಟುದಿಲ್ಲ. ಇಗೊಳ್ಳಿ, ಆ ಹುಡುಗನೇ ಇವತ್ತು ಕುಣಿಯಲ್ಲಿ ನಿಂತು..."

"ಸಾಕು ಮಾಡ್ರಿ ಶೆಟ್ಟರ," ಎಂದಳು ಸಂಗಮ್ಮ.

ಕುಣಿಯ ಅಂಚಿಗೆ ಬಂದು ಬಗ್ಗಿದಳು. "ಓಂಕಾರ, ಆವತ್ತು ನೀ ಗೆದ್ದಿದ್ದಿ. ಮನಿಗಿ ಬಂದು ಇವ್ರೇ ಅಂದ್ರು. ಹುಡುಗ ಗೆದ್ದಾನ, ಆದ್ರ ನಾ ಕೊಟ್ರ ಮಂದಿ ಏನಂತಾರ ಅಂದ್ರು."

ಓಂಕಾರನ ಕೈ ಹೆಣದ ಭುಜದ ಮೇಲೆ ಹಾಗೇ ನಿಂತಿತು. "ಖರೇನೇನ್ರಿ ಕಾಕಿ?"

"ಖರೇನಪ್ಪ. ಎಂಟು ವರ್ಷ ಈ ಮನಷಾಗ ರೊಟ್ಟಿ ಬಡದು ಹಾಕೀನಿ. ಒಂದಿನಾ ಮನಸಿಟ್ಟು ನೀಡಿಲ್ಲ. ಆದ್ರ ನಿನ್ನ ಮುಂದ ಬಾಯಿನೂ ಬಿಡ್ಲಿಲ್ಲ. ನಾ ಏನ್ ಕಮ್ಮಿ ಹೇಡಿ?" ಈಗ ಅವಳಿಗೆ ಅಳು ಬಂತು. ಅದು ಗಂಡನಿಗಾಗಿ ಅಲ್ಲವೆಂದು ನೆರೆದವರಿಗೆಲ್ಲ ತಿಳಿಯಿತು.

ಶೆಟ್ಟರು ಗಡಿಯಾರ ನೋಡಿಕೊಂಡರು. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಹೊತ್ತು.

"ಆಯ್ತಾಯ್ತು, ಹೋದವರ ಬಗ್ಗೆ ಈಗ ಯಾಕೆ ಅದೆಲ್ಲ," ಎಂದು ಫೋನು ತೆಗೆದರು. "ಓಂಕಾರ, ಸಂಘದ ಗ್ರೂಪಿಗೆ ಒಂದು ಫೋಟೋ. ಅವರ ಬಲಗೈ ಎತ್ತಿ ಹಿಡಿ. ಗೆದ್ದವರದ್ದು ಎತ್ತುದಿಲ್ವಾ, ಹಾಗೆ."

ಓಂಕಾರ ಹೆಣದ ಪಕ್ಕ ಎದ್ದು ನಿಂತ. ವಿಶ್ವನಾಥಪ್ಪನವರ ಮಣಿಕಟ್ಟು ಹಿಡಿದ. ತೀರ್ಪಿಗೆ ಕಾಯುವಾಗ ನಿಲ್ಲುವ ಹಾಗೆ, ಎದುರಿನ ಮಣ್ಣನ್ನೇ ನೋಡುತ್ತ, ಬಹಳ ಹೊತ್ತು ನಿಂತ.

"ಎತ್ತು ಮಾರಾಯ," ಎಂದರು ಶೆಟ್ಟರು.

ಓಂಕಾರ ಆ ಕೈಯನ್ನು ಕೆಳಗಿಳಿಸಿ ತೊಡೆಯ ಮೇಲೆ ಇಟ್ಟ. ವಾಲಿದ ಬೋ ಬಿಚ್ಚಿ ಮೇಲಕ್ಕೆ ಎಸೆದ.

"ವಿಭೂತಿ ಕೊಡ್ರಿ ಸ್ವಾಮಿ," ಎಂದ.

ವಿಭೂತಿ ಇರಿಸಿ ಅವನು ಮೇಲೆ ಹತ್ತಿದ್ದೇ ಜನ ಮುಂದೆ ಬಂದು ಹಿಡಿ ಹಿಡಿ ಮಣ್ಣು ಹಾಕತೊಡಗಿದರು. ಶೆಟ್ಟರ ಕೈಯೊಂದು ಮಾತ್ರ ಫೋನು ಹಿಡಿದುಕೊಂಡು ಇನ್ನೂ ಮೇಲೇ ಇತ್ತು.