ಕಮತಗಿಗೆ ಹೋಗಬೇಕಿದ್ದ ಜೀಪು

"ಎಲ್ಲಾರೂ ಒಮ್ಮೆಲೇ ನೂಕ್ರಿ!" ಎಂದು ಯಾಕೂಬಸಾಬ ಕೂಗಿದ. ಆರು ಮಂದಿ ಜೀಪಿಗೆ ಹೆಗಲು ಕೊಟ್ಟರು. ಅದು ಒಂದು ಗೇಣು ಮುಂದೆ ಹೋಗಿ, ಹಿಂದಕ್ಕೆ ಜಾರಿ, ತನ್ನ ಹಳೆಯ ತಗ್ಗಿನಲ್ಲೇ ಕೂತಿತು.

ಒಂಬತ್ತು ವರ್ಷದಿಂದ ಅದು ಅಂಗಳದ ಬಾಗಿಲಿಗೆ ಅಡ್ಡ ನಿಂತಿತ್ತು. ಮುಂದಿನ ಬಾನೆಟ್ಟಿನ ಕೆಳಗೆ ಎಂಜಿನ್ನಿರಲಿಲ್ಲ. ಅದು ಸರಿಯದೆ ಟ್ರ್ಯಾಕ್ಟರು ಒಳಗೆ ಬರುವಂತಿರಲಿಲ್ಲ, ಟ್ರ್ಯಾಕ್ಟರು ಬರದೆ ಸುನಂದಾ ಹೊಲದಲ್ಲಿ ತೋಡಿದ ಕುಣಿಗೆ ಹೋಗುವಂತಿರಲಿಲ್ಲ.

ಸುನಂದಾ ಬೆಳಗ್ಗೆ ಹಾಲಿನ ಪಾತ್ರೆ ಒಲೆಯಿಂದ ಇಳಿಸುವಾಗ ಕುಸಿದು ಪ್ರಾಣ ಬಿಟ್ಟಿದ್ದಳು. ಈಗ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ ಹಚ್ಚಿಯಾಗಿತ್ತು. ಹೆಂಗಸರು ಕಾಯುತ್ತಿದ್ದದ್ದು ತವರಿನ ಸೀರೆಗೆ. ಗಂಡನಿಗಿಂತ ಮೊದಲು ಹೋದವಳಿಗೆ ತವರಿನ ಸೀರೆ ಉಡಿಸದೆ, ಉಡಿ ತುಂಬದೆ ಮಣ್ಣಿಗೆ ಕಳಿಸುವಂತಿಲ್ಲ. ಆಕೆಯ ತಮ್ಮ ಸಂಗಮೇಶ ಕಮತಗಿಯಿಂದ ಸೀರೆ ಹಿಡಿದುಕೊಂಡು ತನ್ನ ಟ್ರ್ಯಾಕ್ಟರಿನಲ್ಲೇ ಹೊರಟಿದ್ದ. ಕಮತಗಿ ಬಸ್ಸಿಗೆ ಅರ್ಧ ತಾಸಿನ ಹಾದಿ. ಆ ಅರ್ಧ ತಾಸಿನ ಹಾದಿಯನ್ನು ಸುನಂದಾ ಒಂಬತ್ತು ವರ್ಷದಿಂದ ತುಳಿದಿರಲಿಲ್ಲ.

ಗಂಡ ಕಾಶಪ್ಪ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮಣ್ಣಿಗೆ ಬಂದ ಗಂಡಸರು ಅವನ ಕೈ ಹಿಡಿದು, "ಭಾಳ ವಾಯಿಟ್ ಆತು" ಎಂದು ಸುತ್ತ ಕೂತರು. ದುಃಖದ ಮಾತು ಬೇಗ ತೀರುತ್ತದೆ. ಆಮೇಲೆ ಎದುರಿಗೆ ಕಾಣುತ್ತಿದ್ದದ್ದು ಜೀಪು ಒಂದೇ.

"ಯಾಕೂಬಸಾಬ, ಇದಕ್ಕ ಎಂಜಿನ್ ಸಿಗಲೇ ಇಲ್ಲೇನು?" ಎಂದು ಒಬ್ಬ ಮೆಲ್ಲಗೆ ಕೇಳಿದ.

ಯಾಕೂಬಸಾಬ ಇಳಕಲ್ಲಿನ ಗ್ಯಾರೇಜಿನವನು. ಕೈ ಒರೆಸಿಕೊಳ್ಳುತ್ತ, "ಇವತ್ತ ಹೇಳೂ ಮಾತಲ್ಲ ಬಿಡ್ರಿ. ಮೊನ್ನೆ ಒಂದು ಬಂದೈತಿ, ಪಿಕಪ್ಪಿಂದು. ಛಲೋ ಐತಿ," ಎಂದ.

ಕಾಶಪ್ಪನ ತಲೆ ಎದ್ದಿತು. "ಟರ್ಬೊನೋ, ಸಾದಾನೋ?"

"ಟರ್ಬೊ."

"ಟರ್ಬೊದ ಎಳೆತಕ್ಕ ಈ ಗೇರ್ ಬಾಕ್ಸ್ ತಡ್ಯಾಂಗಿಲ್ಲ. ಹಲ್ಲ ಮುರೀತಾವ."

"ಹಂಗಾರ ಹಳೇ ಜೀಪಿಂದ ಹಾಕ್ಸು," ಎಂದ ಇನ್ನೊಬ್ಬ.

"ಅದು ಹೊಗಿ ಉಗುಳತೈತಿ, ಓಡೂದಿಲ್ಲ. ಟೆಂಪೊದ್ದು ಬರೋಬ್ಬರಿ ಐತಿ, ಆದರ ಚಾಸಿ ಕೊಯ್ಯಬೇಕಾಗತೈತಿ. ಚಾಸಿ ಕೊಯ್ದರ ಜೀಪಿನ್ಯಾಗ ಏನ ಉಳೀತು?"

ಬೆಳಗ್ಗಿನಿಂದ ಬಾಯಿ ಬಿಡದವನು ಹೀಗೆ ನಿರರ್ಗಳವಾಗಿ ಮಾತಾಡುತ್ತಿದ್ದಾಗ ಮಗಳು ದಾನೇಶ್ವರಿ ಹೊರಗೆ ಬಂದಳು. ಕೆರೂರಿಗೆ ಕೊಟ್ಟ ಮಗಳು, ಸುದ್ದಿ ಕೇಳಿ ಓಡಿ ಬಂದವಳು. ತಾಯಿಗೆ ನೀರು ಹಾಕಿದ ಕೈ ಇನ್ನೂ ಹಸಿಯಿತ್ತು. ಅವಳು ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಮಂದಿ ಒಬ್ಬೊಬ್ಬರಾಗಿ ಸುಮ್ಮನಾದರು. ಕೊನೆಗೆ ಸುಮ್ಮನಾದವನು ಕಾಶಪ್ಪ.

*

ಜೀಪನ್ನು ಅವನು ಬಾಗಲಕೋಟೆಯ ಹರಾಜಿನಲ್ಲಿ ಕೊಂಡಿದ್ದ. ಆಗ ಅದರಲ್ಲಿ ಪೆಟ್ರೋಲ್ ಎಂಜಿನ್ನಿತ್ತು. ಸುನಂದಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮೊದಲ ಸಲ ಹೊರಟದ್ದು ಸಂಗಮೇಶನ ಹೊಸ ಮನೆಯ ವಾಸ್ತುಶಾಂತಿಗೆ. ಚಪ್ಪರದ ಮುಂದೆ, ಬೀಗರೆಲ್ಲ ನೋಡುತ್ತಿರುವಾಗಲೇ, ಎಂಜಿನ್ ಹೊಗೆ ಕಾರಿ, ಕಚ್ಚಿಕೊಂಡು ನಿಂತೇಬಿಟ್ಟಿತು.

"ಮಾವಾರ, ಮುಂದಿನ ಸಲ ಎತ್ತ ಹೂಡ್ಕೊಂಡ ಬರ್ರಿ!" ಎಂದ ಸಂಗಮೇಶ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಸೆರಗು ಬಾಯಿಗೆ ಹಿಡಿದು ಸುನಂದಾ ಸಹ ನಕ್ಕಳು. ಭಾವಮೈದುನನ ಮಾತನ್ನು ಕಾಶಪ್ಪ ನುಂಗಿಕೊಳ್ಳುತ್ತಿದ್ದನೇನೋ, ಹೆಂಡತಿಯ ನಗು ಅವನ ಗಂಟಲಲ್ಲೇ ಉಳಿಯಿತು.

ಸಂಗಮೇಶನ ಟ್ರ್ಯಾಕ್ಟರು ಹಗ್ಗ ಕಟ್ಟಿ ಜೀಪನ್ನು ಊರ ತನಕ ಎಳೆದು ತಂದಿತು. ಅಂಗಳದ ಬಾಗಿಲಲ್ಲೇ ಹಗ್ಗ ಬಿಚ್ಚಿ ಎಸೆದು ಕಾಶಪ್ಪ ಹೇಳಿದ: "ಡೀಸೆಲ್ ಎಂಜಿನ್ ಕೂಡ್ಸಿ, ಇದರಾಗ ಕೂತ ನಿಮ್ಮ ಮನಿಗಿ ಬರ್ತೇವಿ. ಅಲ್ಲೀತನ ನಾನೂ ಬರಾಂಗಿಲ್ಲ, ಈಕಿನೂ ಬರಾಂಗಿಲ್ಲ."

ಆಮೇಲೆ ಹುಡುಕಾಟ ಶುರುವಾಯಿತು. ಇಳಕಲ್ಲು, ಹುನಗುಂದ, ಬಾಗಲಕೋಟೆಯ ಗುಜರಿ ಅಂಗಡಿಗಳಲ್ಲಿ ಅವನು ನೋಡದ ಎಂಜಿನ್ನಿಲ್ಲ, ಎಣಿಸದ ತಪ್ಪಿಲ್ಲ. ತಪ್ಪಿಲ್ಲದ ಹಳೆಯ ಎಂಜಿನ್ ಲೋಕದಲ್ಲೇ ಇಲ್ಲವೆಂದು ಯಾಕೂಬಸಾಬನಿಗೆ ಗೊತ್ತಿತ್ತು. ಕಾಶಪ್ಪನಿಗೂ ಗೊತ್ತಿತ್ತು, ಅದಕ್ಕೇ ಅವನು ಅದನ್ನೇ ಹುಡುಕುತ್ತಿದ್ದ.

*

ತಾಯಿ ಹಾಸಿಗೆ ಹಿಡಿದ ಸುದ್ದಿ ಕಮತಗಿಯಿಂದ ಬಂದಾಗ ಸುನಂದಾ, "ನಾ ಬಸ್ಸಿಗೆ ಹೋಗಿ ಬರ್ತೇನ್ರಿ," ಎಂದಳು.

"ಹೋಗು," ಎಂದ ಕಾಶಪ್ಪ. "ಹೋದರ ಅಲ್ಲೇ ಇರು."

ಮರುದಿನ ಯಾಕೂಬಸಾಬ ತಾನಾಗಿಯೇ ಒಂದು ಎಂಜಿನ್ನನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದ. ಸಂಜೆಯೊಳಗೆ ಕೂಡಿಸಿಕೊಡುತ್ತೇನೆಂದ. ಸುನಂದಾ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ತಾಯಿಗೆಂದು ಬೇಯಿಸಿದ ಗಂಜಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಹೋಗಿ ಕೂತಳು. ಕಾಶಪ್ಪ ಎಂಜಿನ್ನಿನ ಸುತ್ತ ತಿರುಗಿದ, ಬಗ್ಗಿ ನೋಡಿದ, ಟೆಂಪೊದ ಮೇಲೇ ಚಾಲೂ ಮಾಡಿಸಿ ಕಿವಿಗೊಟ್ಟು ಸದ್ದು ಕೇಳಿದ.

"ನಡುಕ ಐತಿ. ಒಯ್ದು ಬಿಡು ಸಾಬ."

ಟೆಂಪೊ ಹೋದ ಮೇಲೂ ಸುನಂದಾ ಇಳಿಯಲಿಲ್ಲ. ಹೊತ್ತು ಮುಳುಗುವಾಗ ಅವನು ಕರೆಯಲು ಹೋದ. ಅವಳು ಗಾಜಿನ ಆಚೆಗೇ ನೋಡುತ್ತ ಹೇಳಿದಳು: "ಎಂಜಿನ್ ಸಿಗವಲ್ದು ಅಂತಲ್ಲ್ರಿ. ನಿಮಗ ಸಿಗೂದು ಬ್ಯಾಡಾಗೈತಿ."

ಎರಡು ದಿನಕ್ಕೆ ತಾಯಿ ಹೋದಳು. ಸುನಂದಾ ಅದೇ ಸೀಟಿನಲ್ಲಿ ಕೂತು ಅತ್ತಳು. ಆಮೇಲೆ ಆ ಜೀಪನ್ನು ಒಮ್ಮೆಯೂ ಮುಟ್ಟಲಿಲ್ಲ.

*

ಸಂಗಮೇಶನ ಟ್ರ್ಯಾಕ್ಟರು ಬಂದು ಬಾಗಿಲ ಆಚೆ ನಿಂತಿತು. ಅವನು ಸೀರೆಯ ಗಂಟು ಹಿಡಿದು, ಕಾಶಪ್ಪನ ಕಡೆ ನೋಡದೆ, ಸೀದಾ ಒಳಗೆ ಹೋದ. ಅಕ್ಕನ ತೊಡೆಯ ಮೇಲೆ ಇಳಕಲ್ ಸೀರೆಯಿಟ್ಟವನೇ ಸಣ್ಣ ಹುಡುಗನ ಹಾಗೆ ಹೋ ಎಂದು ಅತ್ತ.

ನೆರೆಮನೆಯ ಮುದುಕಿ ರಂಗವ್ವ ಉಡಿ ತುಂಬಿದಳು. "ನೋಡವ್ವ ಸುನಂದಾ, ತವರೇ ನಿನ್ನ ಬಾಗಿಲಿಗೆ ಬಂತು," ಎಂದು ಕಣ್ಣೊರೆಸಿಕೊಂಡಳು.

ಹೊರಗೆ, ಮಣ್ಣಿನ ವಿಧಿಗೆ ಬಂದಿದ್ದ ಅಯ್ಯನವರು ಹೊತ್ತಾಯಿತೆಂದು ಅವಸರ ಮಾಡಿದರು. ಯಾಕೂಬಸಾಬ ಜೀಪಿಗೆ ಹಗ್ಗ ಕಟ್ಟಲು ಬಗ್ಗಿದ. ಕಾಶಪ್ಪ ಎದ್ದು ಬಂದು ಅವನ ಕೈ ಹಿಡಿದ.

"ಆ ಟ್ರ್ಯಾಕ್ಟರಿನ ಹಗ್ಗ ನನ್ನ ಜೀಪಿಗೆ ಬ್ಯಾಡ."

"ಹಗ್ಗ ಕಟ್ಟತಾರಪ್ಪಾ," ಎಂದಳು ದಾನೇಶ್ವರಿ. ದನಿ ಏರಿಸಲಿಲ್ಲ. "ಕಟ್ಟಿದ ಮ್ಯಾಲ ಅವ್ವನ್ನ ಇದರಾಗೇ ಕೂಡಸ್ತೇವಿ. ಈ ಜೀಪಿನ್ಯಾಗ ಕರ್ಕೊಂಡ ಹೋಗ್ತೇನಿ ಅಂದಿದ್ದಿ ಹೌದಿಲ್ಲೋ? ಕರ್ಕೊಂಡ ನಡಿ. ಸ್ಟೇರಿಂಗ್ ನೀನ ಹಿಡಿ."

"ಅವ್ವಿ..." ಎಂದು ಕಾಶಪ್ಪ ಮಗಳ ಕಡೆ ತಿರುಗಿದ.

"ಎಂಜಿನ್ ಬಗ್ಗೆ ಒಂದ ಮಾತ ಆಡಿದರ ನಾ ನಿನ್ನ ಮಗಳಲ್ಲ."

ಕಾಶಪ್ಪ ಯಾಕೂಬಸಾಬನ ಕೈ ಬಿಟ್ಟ.

ಟ್ರ್ಯಾಕ್ಟರು ಜಗ್ಗಿದ ಮೊದಲ ಏಟಿಗೇ ಜೀಪು ತಗ್ಗಿನಿಂದ ಮೇಲೆದ್ದಿತು. ಆರು ಮಂದಿಗೆ ಆಗದ್ದು ಅದಕ್ಕೆ ಏನೂ ಅಲ್ಲವಾಯಿತು. ಮುಂದಿನ ಸೀಟಿನಲ್ಲಿ ಸುನಂದಾಳನ್ನು ಕೂಡಿಸಿ, ಜಾರದಂತೆ ಬಟ್ಟೆಯಿಂದ ಕಟ್ಟಿದರು. ಹಿಂದೆ ದಾನೇಶ್ವರಿ ತಾಯಿಯ ಹೆಗಲು ಹಿಡಿದು ಕೂತಳು. ಕಾಶಪ್ಪ ಸ್ಟೇರಿಂಗಿನ ಮುಂದೆ ಕೂತ. ಭಜನೆಯವರು ತಾಳ ಹಾಕುತ್ತ ಮುಂದೆ ನಡೆದರು. ಬಿರುಕು ಬಿಟ್ಟ ಟೈರುಗಳ ಮೇಲೆ ಜೀಪು ಕುಂಟುತ್ತ ಹಗ್ಗದ ಹಿಂದೆ ಹೊರಟಿತು. ಓಣಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಊರಾಚೆ ದಾರಿ ಒಡೆಯುತ್ತದೆ. ಬಲಕ್ಕೆ ಹೊಲ, ಎಡಕ್ಕೆ ಕಮತಗಿ.

ಭಜನೆಯವರು ಬಲಕ್ಕೆ ಹೊರಳಿದರು. ಅವರ ಹಿಂದೆ ಟ್ರ್ಯಾಕ್ಟರು ಹೊರಳಿತು. ಕಾಶಪ್ಪ ಪಕ್ಕಕ್ಕೆ ತಿರುಗಿ, ಬೆಳಗ್ಗಿನಿಂದ ಮೊದಲ ಸಲ, ಹೆಂಡತಿಯ ಮುಖ ನೋಡಿದ. ಆಮೇಲೆ ಎರಡೂ ಕೈಯಿಂದ ಸ್ಟೇರಿಂಗನ್ನು ಎಡಕ್ಕೆ, ತಿರುಗುವಷ್ಟೂ ತಿರುಗಿಸಿ ಹಿಡಿದ.

"ಯಪ್ಪಾ, ಏನ ಮಾಡಾಕತ್ತಿ?" ಎಂದಳು ದಾನೇಶ್ವರಿ.

"ಕಮತಗಿಗಿ ಹೋಗೂಣು," ಎಂದ ಅವನು. "ಸುನಂದಾ, ಹೋಗೂಣು."

ಹಗ್ಗ ಬಿಗಿಯಿತು. ಸಂಗಮೇಶ ತಿರುಗಿ ನೋಡಿದ, ನೋಡಿ ಮುಂದಕ್ಕೆ ಮುಖ ಮಾಡಿ ಇನ್ನಷ್ಟು ಎಳೆದ. ಜೀಪಿನ ಮುಂದಿನ ಗಾಲಿಗಳೆರಡೂ ಕಮತಗಿಯತ್ತ ತಿರುಗಿಕೊಂಡೇ, ಉರುಳದೆ, ಕರಿಮಣ್ಣನ್ನು ಅಡ್ಡಡ್ಡ ಕೆರೆಯುತ್ತ ಹೊಲದ ಕಡೆ ಹೋದವು.