ಸದ್ದಿಲ್ಲದ ಜೀಪು

“ಸದ್ದು ನಿಲ್ಲೂ ಮದ್ದು ಪೂರಾ ಬಾಟ್ಲಿ ಹಾಕ್ರಿ ಅಂದ್ನೆಲ್ಲ ಸಾಬ್ರ! ಕೈಯಾಗ ಹಿಡ್ಕೊಂಡು ಏನ್ ನೋಡಾಕತ್ತೀರಿ?”

ಹೇಮಾವತಿ ಗ್ಯಾರೇಜಿನಲ್ಲಿ ನಿಂತಲ್ಲಿ ನಿಲ್ಲದೆ ಅಡ್ಡಾಡುತ್ತಿದ್ದಳು. ಅವಳ ಜೀಪಿನ ಅಡಿಯಿಂದ ಶಾಮೀದಸಾಬ ತಲೆ ಹೊರಹಾಕಿದ.

“ಅಕ್ಕಾರ, ಈ ಹೊಸ ಗೇರ್ ಆಯಿಲ್‌ನಾಗ ಮೊದಲ ಮದ್ದು ಬೆರಸ್ಯಾರ, ಡಬ್ಬಿ ಮ್ಯಾಲ ಬರದೈತಿ. ಮತ್ತ ಇದನ್ನೂ ಸುರುವಿದ್ರ ಎರಡೂ ಗಾಲಿ ಕೂಡಿಸಿ ಹಿಡಿಯೂ ಒಳಗಿನ ಪ್ಲೇಟು ಜಾರ್ತಾವ. ಕೆಸರಾಗ ಒಂದ ಗಾಲಿ ತಿರಗತೈತಿ, ಇನ್ನೊಂದು ಹೆಣದಂಗ ನಿಂದರತೈತಿ.”

“ಸದ್ದು ನಿಲ್ತೈತಿಲ್ಲೋ?”

“ಮದ್ದಿಲ್ಲದಿದ್ರೂ ನಿಲ್ತೈತ್ರಿ. ಹಳೆ ಎಣ್ಣಿ ಬರೋಬರಿ ಇದ್ದಿದ್ದಿಲ್ಲ. ನಾಕೈದು ದಿನ ತಡೀರಿ, ಪ್ಲೇಟು ಹೊಸ ಎಣ್ಣಿ ಕುಡೀಲಿ. ಅತಿ ಆದ್ರ ಅಮೃತಾನೂ ವಿಷ.”

ನಾಕೈದು ದಿನವಂತೆ! ಅವಳಿಗೆ ಇದ್ದದ್ದು ಒಂದೇ ರಾತ್ರಿ. ಹಿಟ್ನಾಳದ ಹೆಂಗಸರನ್ನು ಗಂಗಾವತಿ ಕಡೆಯ ಗದ್ದೆಗಳಿಗೆ ಭತ್ತದ ನಾಟಿಗೆ ಒಯ್ಯುವುದು ಅವಳ ಜೀಪು. ದಾರಿಯುದ್ದಕ್ಕೂ ಹಾಡುವ ಆ ಹೆಂಗಸರು ಕಾಲುವೆಯ ಸೇತುವೆ ಬಂದೊಡನೆ ಬಾಯಿ ಮುಚ್ಚಿ, ಹುಲಿಗೆಮ್ಮನಿಗೆ ಕೈ ಮುಗಿಯುತ್ತಾರೆ. ಆ ಮೌನದಲ್ಲೇ, ಸೇತುವೆ ದಾಟಿ ತಿರುಗುವಾಗ, ಹಿಂದಿನ ಗಾಲಿಗಳ ನಡುವಿನಿಂದ ಗರ್ರ್ ಕಟಕಟ ಎಂದು ಎಲುಬು ಕಡಿದಂಥ ಸದ್ದು. ಗುಂಪಿನ ಹಿರಿಯಳು ದುರಗಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು: “ಅಮ್ಮನ ಮುಂದ ಇದು ಅಪಶಕುನ. ನಾಳೆನೂ ಹಿಂಗ ಒದರಿದ್ರ ನಾವು ಪಕೀರಪ್ಪನ ಟ್ಯಾಕ್ಟರ್ ಹತ್ತತೀವಿ.” ಅವರು ಬಿಟ್ಟರೆ ಜೀಪು ಕೋಳಿಗೂಡಾಗುತ್ತದೆ. ತಾನೂ ಮತ್ತೆ ಸೀರೆ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ ನಾಟಿ ಹಚ್ಚಬೇಕು. ಸ್ಟೇರಿಂಗು ಹಿಡಿದ ಕೈಗೆ ಅದು ಬೇಡವಾಗಿತ್ತು.

“ಹಾಕ್ರಿ,” ಎಂದಳು. ಸಾಬ ಗೊಣಗುತ್ತಲೇ ಸುರುವಿದ.

ಮರುದಿನ ಸೇತುವೆ ದಾಟಿ ಜೀಪು ತಿರುಗಿತು. ಸದ್ದಿಲ್ಲ! “ನೋಡ್ರಬೇ, ಹೆಂಗ ಬೆಣ್ಣಿಯಂಗ ಹೊಂಟೈತಿ,” ಎಂದು ದುರಗಮ್ಮ ಬಾಯಿ ತುಂಬ ಹೊಗಳಿದಳು. ಹೇಮಾವತಿ ನಕ್ಕಳು. ಕಣ್ಣು ಮಾತ್ರ ಮುಂದಿನ ದಾರಿಯ ಮೇಲೇ ಇತ್ತು.

ಗದ್ದೆಯ ದಾರಿಯಲ್ಲಿ ಕಾಲುವೆ ನೀರು ಬಸಿದು ರಾಡಿಯಾಗಿತ್ತು. ದಿನಾ ಗುರುಗುಟ್ಟುತ್ತಾದರೂ ದಾಟುತ್ತಿದ್ದ ಜೀಪು ಇವತ್ತು ನಡುಮಧ್ಯೆ ಕೂತುಬಿಟ್ಟಿತು. ಎಡಗಾಲಿ ಗಿರ್ರನೆ ತಿರುಗಿ ಕೆಸರು ಚಿಮ್ಮಿಸಿತು, ಬಲಗಾಲಿ ಮಿಸುಕಲಿಲ್ಲ. ಹೆಂಗಸರು ಇಳಿದು ನೂಕಿದರು, ಮುಖಕ್ಕೆಲ್ಲ ರಾಡಿ ಬಳಿದುಕೊಂಡರು. ಹಿಂದಿನಿಂದ ಪಕೀರಪ್ಪನ ಟ್ರ್ಯಾಕ್ಟರ್ ಬಂದೇ ಬಂತು. ಹಗ್ಗ ಕಟ್ಟಿ ಜೀಪನ್ನು ಹಿಂದಕ್ಕೆ, ಗಟ್ಟಿ ನೆಲಕ್ಕೆ ಎಳೆದವನು ಹಲ್ಲು ಕಿರಿದ.

“ನಾಳಿಂದ ನನ್ನ ಗಾಡ್ಯಾಗ ಬರ್ರೆವ್ವಾ. ಈಗೂ ಹತ್ರಿ, ಮುಂದ ರಾಡಿ ಇನ್ನೂ ಭಾಳ ಐತಿ.”

ಹೇಮಾವತಿಗೆ ಅಳು ಬಂತು, ಸಿಟ್ಟೂ ಬಂತು. ದುರಗಮ್ಮನತ್ತ ತಿರುಗಿದಳು. “ಅತ್ತಿ, ಒದರೂ ಮುಂದಾನೂ ಇದು ಕೆಸರು ದಾಟತಿತ್ತು. ನಾಕ ದಿನ ತಡಿ ಅಂದಿದ್ರು ಸಾಬ್ರು. ನೀವು ಬಿಟ್ಟು ಹೊಕ್ಕೀರಿ ಅಂತ ಅಂಜಿ, ನಾನ ಮದ್ದು ಹೆಚ್ಚಿಗಿ ಹಾಕಿಸಿ ಅದರ ಬಾಯಿ ಮುಚ್ಚಿಸೀನಿ.”

“ನಮ್ಮ ಮುಂದ ಹೇಳಾಕ ಏನಾಗಿತ್ತ ನಿನಗ? ನಾವೇನು ಹುಲಿನಾ?” ಎಂದು ದುರಗಮ್ಮ ರೇಗಿದಳು. ಉತ್ತರಕ್ಕೆ ಕಾಯದೆ ಟ್ರಾಲಿ ಹತ್ತಿದಳು. ಉಳಿದವರೂ ಹತ್ತಿದರು. ಹೇಮಾವತಿ ಬಾನೆಟ್ಟಿಗೆ ಆನಿಕೊಂಡು ನಿಂತಳು. ಮುಗಿಯಿತು ಅಂದುಕೊಂಡಳು.

“ಬುತ್ತಿ ಜೀಪಿನಾಗ ಉಳದಾವಬೇ!” ಎಂದು ಒಬ್ಬಳು ಟ್ರಾಲಿಯಿಂದ ಕೆಳಗೆ ಜಿಗಿಯಲು ಹೊರಟಳು.

ದುರಗಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. “ಅಲ್ಲೇ ಇರ್ಲಿ ಬಿಡು. ಎಣ್ಣಿ ಬದ್ಲಿ ಮಾಡಿಸ್ಕೊಂಡು, ಉಣ್ಣೂ ಹೊತ್ತಿಗೆ ಹೇಮಾ ತರ್ತಾಳ. ಹಸದಿರ್ತೀವಿ ಹೇಮಾ, ಲಗೂ ಬಾ.”

ಟ್ರ್ಯಾಕ್ಟರ್ ರಾಡಿಯೊಳಗೆ ಇಳಿದು ಹೋಯಿತು. ಹೇಮಾವತಿ ಕೈಗಳನ್ನು ಸೀರೆಗೆ ಒರೆಸಿಕೊಂಡು, ಸೀಟಿನಡಿ ಉರುಳಿದ್ದ ಬುತ್ತಿಗಂಟುಗಳನ್ನು ಒಂದೊಂದಾಗಿ ಎತ್ತಿ ನೆಟ್ಟಗೆ ಇಟ್ಟಳು. ರೊಟ್ಟಿಗಳು ಇನ್ನೂ ಬೆಚ್ಚಗಿದ್ದವು.